ಸೋಪಿನ ಬಿಲ್ಲೆಯಂಥ ಅಕ್ಷರ

...ಬೇಡ ಅಪಾ, ನನ್ನ ತಾಯಿ ಸಮಾನ ನೀವು, ಮುಟ್ಟಬೇಡಿ, ಕೈ ಹೊಲಸಾಗತ್ತೆ. ಕಲ್ಲಿನ ಪುಡಿಗಲ್ಲ ನಾನು ಹೇಳಿದ್ದು, ಆ ಅಕ್ಷರಕ್ಕೆ. ನೋಡಿ, ನಿಮ್ಮ ಯಜಮಾನರ ಹೆಸರು... ಕಸಿಮಾಲಿ. ಒಂದೊಂದೂ ಚೌಕ, ದಪ್ಪ, ಮೂಲೆ ಮಾತ್ರ ದುಂಡಗೆ. ಬಚ್ಚಲಲ್ಲಿ ಸವೆದ ಸೋಪಿನ ಬಿಲ್ಲೆ ಸಾಲಾಗಿ ಇಟ್ಟ ಹಾಗೆ. ಥೂ.

ನನ್ನನ್ಯಾಕೆ ನೋಡ್ತೀರಿ? ಈ ಕಲ್ಲು ಕೆತ್ತೋ ತುರತ್‌ನ ಕೇಳಿ. ಅವನ ಹತ್ರ ಇರೋದೇ ಇದೊಂದು ಥರದ ಅಕ್ಷರ. ಔಷಧಿ ಅಂಗಡಿಗೂ ಇದೇ, ಮದುವೆ ಛತ್ರಕ್ಕೂ ಇದೇ, ಬಸ್ ನಿಲ್ದಾಣದ ಪಾಯಿಖಾನೆಗೂ ಇದೇ. ಇಡೀ ಕರಾಕೋಲ್ ಊರಿಗೇ ಕಜ್ಜಿ ಹತ್ತಿದೆ. ಈಗ ಗೋರಿಕಲ್ಲಿಗೂ ಬಂತು.

ನಿಮ್ಮ ಯಜಮಾನರು, ನನಗೆ ಬೋರ್ಡ್ ಬರೆಯೋದು ಕಲಿಸಿದ ಉಸ್ತಾದರು, ಇದನ್ನ ಕಂಡ್ರೆ ಮುಖ ತಿರುಗಿಸ್ತಿದ್ರು. 'ಎಸೆನ್, ಇದಕ್ಕೆ ಉಸಿರೇ ಇಲ್ವಲ್ಲೋ' ಅಂತಿದ್ರು. ಅವರ ಕುಂಚ ಬೋರ್ಡಿನ ಮೇಲೆ ಇಳಿದ್ರೆ... ಮೊದಲು ತೆಳ್ಳಗೆ, ನಡುವೆ ತುಂಬ್ಕೊಂಡು, ಕೊನೇಲಿ ಕೂದಲೆಳೆ. ಹತ್ತೊಂಬತ್ತು ವರ್ಷ ಅವರ ಬಣ್ಣದ ಡಬ್ಬ ಹಿಡಿದೋನಿಗೆ ಗೊತ್ತಿಲ್ವಾ.

ಹೌದು, ಹಾಳೆ ಕೊಟ್ಟಿದ್ರಿ. ಸಾಯೋ ಮುಂಚೆ ಅವರೇ ತಮ್ಮ ಹೆಸರು ಬರೆದಿಟ್ಟಿದ್ದು, ಕಲ್ಲಿನ ಮೇಲೆ ಹಾಗೇ ಕೆತ್ತಬೇಕು ಅಂತ. ನಾನು ತುರತ್ ಕೈಗೆ ಕೊಟ್ಟೆ, ಅವನು ಕಳೆದ. ಕುಡಿದು ಎಲ್ಲಿ ಬಿಸಾಕಿದ್ನೋ... ಯಾಕೆ ನಗ್ತೀರಿ? ಸರಿ, ಹಾಜಿ ಅವನು, ಕುಡಿಯಲ್ಲ. ಮರೆಗುಳಿ ಅಂತಿಟ್ಕೊಳ್ಳಿ.

ನಾಡಿದ್ದು ಅವರು ತೀರಿಕೊಂಡ ವರ್ಷದ ಊಟ. ಊಟಕ್ಕೆ ಕಡಿಯೋ ಕುದುರೆ ತಂದಾಗಿದೆ, ನೆಂಟರೆಲ್ಲ ಬರ್ತಾರೆ. ಈ ಕಲ್ಲು ನಿಲ್ಲಿಸಿದ್ರೆ ನಾಳೆ ನಮ್ಮ ಮೊಮ್ಮಕ್ಕಳೂ ಇದನ್ನೇ ನೋಡ್ಬೇಕು. ಬೇರೆ ಕಲ್ಲು ತರಿಸ್ತೀನಿ ಅಪಾ. ಅವರ ಕೈಬರಹ ನಾನೇ ಬರೀತೀನಿ, ಯಾರಿಗೂ ಗೊತ್ತಾಗಲ್ಲ... ಬೇಡ್ವಾ? ಚೀಲದಲ್ಲಿ ಏನು ಹುಡುಕ್ತಿದೀರಿ?

ಅದು... ಆ ಹಾಳೆ ಎಲ್ಲಿ ಸಿಕ್ತು?

ಮೊನ್ನೆ ಅವರ ಕುಂಚ ತಗೊಂಡು ಹೋಗೋಕೆ ನನ್ನ ಅಂಗಡಿಗೆ ಬಂದಿದ್ರಲ್ಲ, ಆವಾಗಾ? ಮೇಜಿನ ಕೆಳಗಾ?

ಟೈರ್ ಅಂಗಡಿಯೋನು ಬೋರ್ಡ್ ಈಗಲೇ ಬೇಕು ಅಂತ ತಲೆ ಮೇಲೆ ಕೂತಿದ್ದ ಅಪಾ. ರಟ್ಟಿನಲ್ಲಿ ಅಕ್ಷರದ ಅಚ್ಚು ಕತ್ತರಿಸುವಾಗ ಮೇಜಿಗೆ ಗೀರು ಬೀಳದಿರಲಿ ಅಂತ ಅಡಿಗೆ ಒಂದು ಹಾಳೆ ಹಾಕ್ತೀವಲ್ಲ... ಕೈಗೆ ಸಿಕ್ಕಿದ್ದು ಎಳ್ಕೊಂಡೆ. ಮಗುಚಿ ಬಿದ್ದಿತ್ತು, ಬರಹ ಕಾಣಲಿಲ್ಲ. ಚಾಕು ಕೆಳಗಿನ ಹಾಳೇನೂ ಸೀಳಿತ್ತು.

ಹೌದು. ಈ ಅಕ್ಷರದ ಅಚ್ಚು ಕತ್ತರಿಸೋನು ನಾನೇ. ಔಷಧಿ ಅಂಗಡಿದೂ, ಛತ್ರದ್ದೂ, ಪಾಯಿಖಾನೆದೂ. ಬೇಗ ಮುಗಿಯತ್ತೆ, ಕೈ ನಡುಗಿದ್ರೂ ನಡೆಯತ್ತೆ. ಹಾಳೆ ಹಾಳಾದ ಮೇಲೆ ತುರತ್‌ಗೂ ಇದೇ ಅಕ್ಷರದ ಅಚ್ಚು ನಾನೇ ಕೊಟ್ಟೆ. ಪಾಪ, ಅವನು 'ಉಸ್ತಾದರ ಹೆಸರು ಹೀಗಾ?' ಅಂತ ಎರಡು ಸಲ ಕೇಳಿದ.

ಬೆಳಕಿಗೆ ಹಿಡೀಬೇಡಿ ಅಪಾ. ಅವರ ಹೆಸರಿನ ಮೇಲೆಲ್ಲ ನನ್ನ ಚೌಕಗಳು ಕಾಣ್ತಿವೆ.

ಥೂ ಅಂತ ನನಗೇ ಅನ್ನಿ, ಅಪಾ.