ಮೋಡದ ಮೇಲ್ಗಡೆ

ಕಂಪ್ಯೂಟರ್ ಅಂಗಡಿಯಲ್ಲಿ ಚಾರ್ಜರ್ ರಿಪೇರಿಗೆ ಕಾದು ಕೂತಿದ್ದ ದರ್ಜಿಯ ಕಿವಿ ನೆಟ್ಟಗಾಯಿತು. ಪಕ್ಕದಲ್ಲೇ ವಯಸ್ಸಾದ ತಂದೆ, ಮಗಳು. ಅಂಗಡಿಯವನು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ, ಪರದೆಯ ಮೇಲೆ ವಿಮಾನ ಹಾರಿಸಿ ತೋರಿಸುತ್ತಿದ್ದ.

"ಆಟಕ್ಕೆ ಚಿಕ್ಕ ಕಾರ್ಡೇ ಸಾಕಲ್ವೇನಪ್ಪ?" ಎಂದು ಮಗಳು ತಂದೆಯನ್ನು ಕೇಳಿದಳು.

"ಅದರಲ್ಲಿ ಮೋಡ ಸುಣ್ಣ ಬಳಿದ ಗೋಡೆ ಥರ ಕಾಣುತ್ತೆ."

"ಜೀವಮಾನವೆಲ್ಲ ವಿಮಾನದ ಚಕ್ರ ಬದಲಾಯಿಸಿದ್ದೀಯ, ಇನ್ನೂ ಆಸೆ ತೀರಿಲ್ವಾ?"

"ಚಕ್ರ ನೋಡಿದ್ದೀನಮ್ಮ. ಕಿವಿ ಸರಿಯಿಲ್ಲ, ವಿಮಾನ ಹತ್ತಲೇಬೇಡ ಅಂದ್ರಲ್ಲ ಡಾಕ್ಟರು. ಮೋಡದ ಮೇಲ್ಗಡೆ ನೋಡಿಲ್ಲ."

ಪರದೆಯಲ್ಲಿ ವಿಮಾನ ಮೋಡ ಸೀಳಿ ಮೇಲೆ ಬಂತು. ಮುದುಕ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಿಜವಾಗ್ಲೂ ಹೀಗೇ ಇರುತ್ತಾ? ನೀನು ಕೆಲಸದ ಮೇಲೆ ಹಾರ್ತಾನೇ ಇರ್ತೀಯಲ್ಲ."

ಮಗಳು ಪರದೆಯ ಹತ್ತಿರಕ್ಕೆ ಬಾಗಿದಳು.

"ಗೊತ್ತಿಲ್ಲಪ್ಪ. ಕಿಟಕಿ ಮುಚ್ಚಿ ಮಲಗಿಬಿಡ್ತೀನಿ."

ಆಮೇಲೆ ಅಂಗಡಿಯವನಿಗೆ, "ದೊಡ್ಡದೇ ಕೊಡಿ," ಎಂದಳು.

ಅವರು ಹೋದ ಮೇಲೆ ದರ್ಜಿ ಬಾಗಿಲಿಗೆ ಬಂದು ಕತ್ತೆತ್ತಿದ. ಇಷ್ಟು ವರ್ಷ ತಾನು ನೋಡಿದ್ದೂ ಬರೀ ಮೋಡದ ಹೊಟ್ಟೆಯನ್ನೇ.