ಎರಡನೇ ಮುಳ್ಳನ್ನ ಯಾರೂ ನೋಡಲಿಲ್ಲ

ಗುಣಿಸ್ಯಾಳ ನೋಡ್ರಿ, ಗುಣಿಸ್ಯಾಳ! ವೋಲ್ಟು ಇನ್ನೂರಿಪ್ಪತ್ತು, ಆಂಪಿಯರ್ ಐದು, ರೆಸಿಸ್ಟೆನ್ಸ್ ಎಷ್ಟು ಅಂದ್ರ ಗುಣಿಸಿ ಸಾವಿರದ ನೂರು ಓಮ್ ಅಂತ ಬರದು, ಕೆಳಗ ಎರಡು ಗೆರಿ ಬ್ಯಾರೆ ಎಳದಾಳ. ಸಾವಿರದ ನೂರು ಅದು ವಾಟಮ್ಮ, ಪವರ್ರು. ರೆಸಿಸ್ಟೆನ್ಸ್ ಬೇಕಂದ್ರ ಭಾಗಿಸಬೇಕು, ನಲವತ್ನಾಕು ಬರ್ತೈತಿ. ನೀ ಯಾಕ ನಗ್ತೀಯೋ, ನಿನ್ನ ನೋಟ್‌ಬುಕ್ಕೂ ತಗದು ನೋಡ್ತೀನಿ ಆಮ್ಯಾಲ. ಅಜ್ಜಿಗೇನು ಗೊತ್ತು ಅಂತೀರಿ. ನಾನು ಎಸ್ಸೆಸ್ಸೆಲ್ಸಿ ನಪಾಸು, ಹೌದು, ಆದ್ರ ಇಂಗ್ಲೀಷಿನಾಗ ನಪಾಸು, ಸೈನ್ಸಿನಾಗ ಅಲ್ಲ. ಈ ಐದು, ಈ ನಲವತ್ನಾಕು ನನ್ನ ಅನ್ನ ಉಳಿಸ್ಯಾವು, ಕುಂದರ್ರಿ ಇಲ್ಲೆ.

ನಿಮ್ಮಜ್ಜ ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದು ಕಾಲು ಮುರಕಂಡು ಮಲಗಿದ್ದ ವರ್ಷ ಅದು. ಬೊಮ್ಮನಹಾಳದಾಗ ನಾಟಿ ಕೆಲಸ ಮುಗದಿತ್ತು, ಮನ್ಯಾಗ ದುಡಿಯೋ ಕೈ ಅಂದ್ರ ನಂದೊಂದ. ದಿನಾ ಬಸ್ಸಿಗೆ ರಾಯದುರ್ಗಕ್ಕ ಬಂದು ಜೀನ್ಸ್ ಪ್ಯಾಂಟಿನ ಶೆಡ್ಡಿನಾಗ ಕೆಲಸಕ್ಕ ಸೇರಿದೆ. ಹೊಲಿಯಾಕ... ಅಲ್ಲ ಅಲ್ಲ, ಹೊಲಿಗಿ ನನಗೆಲ್ಲಿ ಬರ್ತಿತ್ತು, ಇಸ್ತ್ರಿ ಮಾಡಾಕ. ನಾಕು ಟೇಬಲ್, ನಾಕು ಇಸ್ತ್ರಿಪೆಟ್ಟಿಗಿ, ಸಂಜಿತನ ಎತ್ತಿದ್ರ ರಟ್ಟಿ ಬಿದ್ದು ಹೋಗ್ತಿದ್ವು. ನಂದು ನಾಕನೇ ಟೇಬಲ್, ಪಕ್ಕದ ಮೂರನೇದಕ್ಕ ಬೆಳುಗುಪ್ಪದ ಸಿದ್ದಮ್ಮ. ಅಕಿ ಪ್ಯಾಂಟು ಸುಡ್ತಿದ್ಲು. ಇವತ್ತೊಂದು, ನಾಳೆ ಇನ್ನೊಂದು, ತ್ರಿಕೋಣದ ಕಲಿ ಬೀಳ್ತಿತ್ತು ತೊಡಿ ಮ್ಯಾಲ. ಮಾಲೀಕ ಮೂರನೇ ಪ್ಯಾಂಟಿಗೆ ಅಕೀನ್ನ ಮನಿಗೆ ಕಳಿಸಿದ, ಅತಗೋತ ಹೋದ್ಲು. ನನ್ನನ್ನ ಅಕಿ ಟೇಬಲಿಗೆ ಹಾಕಿದ.

ಇನ್ನ ಅಲ್ಲೊಬ್ಬ ಕರೆಂಟ್ ಪಂಡಿತ ಇದ್ದ, ರುದ್ರಪ್ಪ ಅಂತ, ಮಾಲೀಕನ ಬಾಮೈದ, ಶೆಡ್ಡಿನ ಕರೆಂಟ್ ಮೇಸ್ತ್ರಿ. ಕಿವಿ ಸಂದ್ಯಾಗ ಟೆಸ್ಟರ್ ಸಿಗಿಸಿಕಂಡು ಓಡಾಡೋನು, ವಿದ್ಯುಚ್ಛಕ್ತಿ ಇವನ ಕಂಡುಹಿಡದಂಗ. ಪೆಟ್ಟಿಗಿ ಒಳಗಿನ ಕಾಯೋ ತಂತಿ, ಕಾಯಿಲ್, ಹರದ್ರ ಹೊಸಾದು ಹಾಕ್ತಿದ್ದಿಲ್ಲ ಮಹಾರಾಯ. ಸುಟ್ಟ ತುಂಡು ಕತ್ತರಿಸಿ ಒಗದು, ಉಳದ ಎರಡು ತುದಿ ತಿರುವಿ ಗಂಟು ಹಾಕೋನು. ಮ್ಯಾಲ ಮೀಸಿ ತಿರುವಿ ಹೇಳೋದು ನೋಡ್ರಿ, "ಕಾಯಿಲ್ ಸಣ್ಣದಾತು, ಇನ್ನ ಕರೆಂಟೂ ಕಮ್ಮಿ ತಿಂತೈತಿ!" ಎಂಥಾ ತಲಿ ಅಂತೀನಿ!

ನಾನು ಮೂರನೇ ಟೇಬಲಿಗೆ ಹೋದ ಎರಡನೇ ದಿನಕ್ಕ ಪ್ಯಾಂಟು ಸುಟ್ಟೆ. ಮರುದಿನ ಇನ್ನೊಂದು, ಮ್ಯಾಲ ಫ್ಯೂಸೂ ಢಂ ಅಂತು. ಮಾಲೀಕ ಬಂದ, ತೆಲುಗಿನೋನು, "ಏಮ್ಮಾ, ಸಿದ್ದಮ್ಮನ ದಾರಿನಾ ನಿಂದೂ? ಇನ್ನೊಂದು ಸುಟ್ರ ಇಂಟಿಕಿ ಪೋ" ಅಂದ. ಮನಿಗೆ ಹೋಗಂತ. ಮಲಗಿದ ಗಂಡನ ಮುಂದ ಏನಂತ ನಿಂದರ್ಲಿ? ರುದ್ರಪ್ಪ ಫ್ಯೂಸ್ ಕಟ್ಟಿ ಟೆಸ್ಟರ್ ಚುಚ್ಚಿದ, ಅದರಾಗಿನ ದೀಪ ಹತ್ತಿತು. "ಹೆಣ್ಮಕ್ಕಳ ಕೈನ ಸರಿ ಇಲ್ರಿ ಭಾವ, ಕರೆಂಟ್ ಎಂದಿನಷ್ಟ ಐತಿ."

"ಎಷ್ಟೈತ್ರಿ ಕರೆಂಟ್?" ಅಂದೆ.

"ಇನ್ನೂರಿಪ್ಪತ್ತು! ಅಷ್ಟೂ ಗೊತ್ತಿಲ್ಲೇನು?"

ಅಯ್ಯ ನನ್ನಪ್ಪ, ಇನ್ನೂರಿಪ್ಪತ್ತು ವೋಲ್ಟು, ಕರೆಂಟಲ್ಲ! ನಮ್ಮ ಕಡಿ ಎಲ್ಲಾ ಕರೆಂಟ ಅಲ್ಲೇನು, ವೋಲ್ಟೂ ಕರೆಂಟು, ಆಂಪಿಯರೂ ಕರೆಂಟು, ಬಿಲ್ಲೂ ಕರೆಂಟು. ನಮ್ಮಂಥೋರು ಹಂಗಂದ್ರ ನಡೀತೈತಿ, ಮೇಸ್ತ್ರಿ ಅನ್ನಬಾರದು. ಗ್ವಾಡಿ ಮ್ಯಾಲಿನ ಬೋರ್ಡಿನಾಗ ಎರಡು ಮೀಟರ್ ಇದ್ವು, ಒಂದು ವೋಲ್ಟಿಂದು, ಒಂದು ಆಂಪಿಯರಿಂದು. ಮೊದಲನೇ ಮುಳ್ಳು ಎಲ್ಲಾರೂ ನೋಡೋರು, ಎರಡನೇದರ ಗಾಜಿನ ಮ್ಯಾಲ ಧೂಳು. ನಾನು ಸೆರಗಿಲೆ ಒರಸಿದೆ. "ಎಲ್ಲಾ ಆಫ್ ಮಾಡ್ರಿ, ನಾಕನೇ ಪೆಟ್ಟಿಗಿ ಒಂದ ಹಚ್ರಿ" ಅಂದೆ. ವೋಲ್ಟು ಇನ್ನೂರಿಪ್ಪತ್ತು, ಆಂಪಿಯರ್ ಐದು. "ಈಗ ಅದು ತಗದು ಮೂರನೇದು ಹಚ್ರಿ." ವೋಲ್ಟು ಅಷ್ಟ, ಆಂಪಿಯರ್ ಹತ್ತು!

ದರ್ಜಿ ಚಾಕ್‌ಪೀಸ್ ತಗಂಡು ಆ ಸುಟ್ಟ ಪ್ಯಾಂಟಿನ ಮ್ಯಾಲ ಬರದೆ. ಇನ್ನೂರಿಪ್ಪತ್ತನ್ನ ಐದರಿಂದ ಭಾಗಿಸಿದ್ರ ನಲವತ್ನಾಕು, ಹತ್ತರಿಂದ ಭಾಗಿಸಿದ್ರ ಇಪ್ಪತ್ತೆರಡು. ರೆಸಿಸ್ಟೆನ್ಸ್ ಅರ್ಧ, ಅಂದ್ರ ಅರ್ಧ ಕಾಯಿಲ್ ಇಲ್ಲ! ಈಗ ಗುಣಿಸು, ಒಳ್ಳೇ ಪೆಟ್ಟಿಗಿ ಸಾವಿರದ ನೂರು ವಾಟು, ಇದು ಎರಡು ಸಾವಿರದ ಇನ್ನೂರು. ಎರಡು ಪೆಟ್ಟಿಗಿ ಕಾವು ಒಂದರಾಗ, ಪ್ಯಾಂಟು ಸುಡದ ಏನು ಮಾಡ್ತೈತಿ? ಬಿಚ್ಚಿ ನೋಡಿದ್ರು, ಗಂಟ ಗಂಟು. ರುದ್ರಪ್ಪ ಕಿವ್ಯಾಗಿನ ಟೆಸ್ಟರ್ ತಗದು ಜೇಬಿನಾಗ ಇಟ್ಟಗಂಡ.

ಹೊಸ ಕಾಯಿಲ್ ಬಂತು, ನನ್ನ ಕೆಲಸ ಉಳೀತು. "ಸಿದ್ದಮ್ಮನ್ನ ಕರಸ್ರಿ" ಅಂದೆ ಮಾಲೀಕಗ. "ಅಕಿ ಜಾಗಕ್ಕ ನೀನಿದ್ದೀಯಲ್ಲಮ್ಮ" ಅಂದ, ಹೋದ. ಥೂ. ಅವನಿಗೆ ಬೈತೀನಿ, ರುದ್ರಪ್ಪಗ ಇವತ್ತಿಗೂ ಬೈತೀನಿ. ಆದ್ರ ಸಿದ್ದಮ್ಮ ಅತಗೋತ ಹೋದ ದಿನ, ಪಕ್ಕದ ಟೇಬಲಿನಾಗ ನಿಂತು "ಬಟ್ಟಿ ಮ್ಯಾಲ ಧ್ಯಾನ ಇಲ್ಲ ಬಿಡ್ರಿ ಅಕಿಗೆ" ಅಂದಾಕಿ ಯಾರು? ನಾನ. ಅವತ್ತೂ ಆ ಮೀಟರ್ ನನ್ನ ತಲಿ ಮ್ಯಾಲ ಇತ್ತು, ಭಾಗಾಕಾರ ಅವತ್ತೂ ಬರ್ತಿತ್ತು ನನಗ. ನನ್ನ ಕೈಗೆ ಬಿಸಿ ತಾಗಿದ ಮ್ಯಾಲ ಲೆಕ್ಕ ನೆನಪಾತು.

ಯಾರಿಗಾರ ಬೈಯೋಕ ಮುಂಚೆ ಭಾಗಿಸಿ ನೋಡ್ರಿ, ಅಷ್ಟ. ಏ, ಆ ಎರಡು ಗೆರಿ ಅಳಸು ಮೊದಲು.