ಇಜೇರಿಗಿ ಬಂದ ಗಾಳಿ

ನಗಬ್ಯಾಡ್ರಿ, ಬಸವಂತರಾಯ ಸಾವ್ಕಾರ್ರ! ಮೊದಲ ಈ ಕಾಗದ ನೋಡ್ರಿ, ಆಮ್ಯಾಲ ನಗ್ರಿ. ಇಲ್ಲ, ಚಾ ಬ್ಯಾಡ. ನಿಮ್ಮ ಮನಿ ನೀರೂ ಬ್ಯಾಡ ನನಗ.

ಈ ಮಲ್ಕಪ್ಪಗ ಹುಚ್ಚು ಹಿಡದದ ಅಂತೀರಿ? ಅನ್ನರಿ. ಇದು ಕಂಪ್ಯೂಟರದಾಗ ತೆಗಿಸಿದ ನಕಾಶಿ. ನಮ್ಮೂರ ದಾವಲಸಾಬನ ಮಗ ಸಿಕಂದರ ಪುಣೆದಾಗ ಹವಾಮಾನದ ಕೆಲಸಕ್ಕ ಹಾನ. ಬೀಸಿದ ಗಾಳಿ ಎಲ್ಲಿಂದ ಬಂತು ಅಂತ ಹಿಂದಕ್ಕ, ಹಿಂದಕ್ಕ ಹುಡಕೂದು ಅವನ ಕೆಲಸ. ನಾ ತಾರೀಖು ಹೇಳಿದೆ, ಹೊತ್ತು ಹೇಳಿದೆ. ತೊಂಬತ್ಮೂರರ ಡಿಸೆಂಬರ್ ಹನ್ನೆರಡು, ಮುಂಜಾನಿ ಹತ್ತು ಗಂಟೆ, ಇಜೇರಿ. ಇಕಾ, ಈ ಗೆರಿ ಬಂತು. ಇಜೇರಿಯಿಂದ ಮೂಡಲಕ್ಕ ಹೊಂಟು... ನೋಡ್ರಿ, ಬೆಳಿ ಹುಳಕ್ಕ ಹೊಡಿಯೂ ಔಷಧದ ನಿಮ್ಮ ಗೋದಾಮಿನ ಮ್ಯಾಲಿಂದ!

"ಕಾಕಾ, ಈ ಗೆರಿ ಜರಾ ಅತ್ತಿತ್ತ ಆಗತದ" ಅಂದ ಸಿಕಂದರ. ಆಗಲಿ! ಆ ದಿಕ್ಕಿಗಿ ನಿಮ್ಮ ಗೋದಾಮು ಬಿಟ್ರ ಮತ್ತೇನದ್ರಿ?

ಏನಾಗಿತ್ತು ಅಂತ ಕೇಳ್ತೀರಿ? ಮರತೀರಿ! ಅವತ್ತು ಇಜೇರಿದಾಗ ಜಗದೇವಪ್ಪನ ಮೊಮ್ಮಗಗ ಹೆಸರಿಡೂ ತೊಟ್ಟಲ. ಅಡಗಿ ನನ್ನ ತಂಗಿ ಕಾಶಿಬಾಯಿದು. ಮೊದಲನೇ ಪಂಕ್ತಿ ಎದ್ದಿರಲಿಲ್ಲ, ಮಂದಿ ವಾಂತಿ ಮಾಡಾಕತ್ತಿದ್ರು, ಕಣ್ಣು ಉರಿ ಅಂತ ಒದರಾಕತ್ತಿದ್ರು. ಸಂಜಿಗಿ ಕೂಸು ಹೋತು. ಎಲ್ಲಾರೂ ಕಾಶಿಬಾಯಿ ಮ್ಯಾಲ ಬಿದ್ರು. ಊಟದಾಗ ವಿಷ ಅಂದ್ರು. ತೊಟ್ಟಲದಾಗಿನ ಕೂಸು ಹೋಳಿಗಿ ತಿಂದಿತ್ತೇನ್ರಿ? ಹಾಂ? ಯಾರೂ ಕೇಳಲಿಲ್ಲ! ಆಕಿ ಕೈಯಿಂದ ಒಂದು ಚರಗಿ ನೀರು ಸುದ್ದ ಯಾರೂ ಇಸಗೊಳ್ಳಲಿಲ್ಲ. ಎರಡು ವರ್ಷ ಹಂಗ ಬಾಳಿ ಸತ್ತಳು.

ಮುದ್ದತು ಮುಗದ ಔಷಧ, ತಪಾಸಣಿದವರು ಬರ್ತಾರಂತ ಅವತ್ತು ಮುಂಜಾನಿ ಸುಡಿಸಿದವರು ನೀವು!

ನಾಳಿ ನಿಮ್ಮ ಮಗಳ ನಿಶ್ಚಯ, ಹೌದಲ್ಲ? ಆಳಂದದ ಬೀಗರ ಮುಂದ ಈ ಕಾಗದ ಹಿಡಕೊಂಡು ನಿಂದರತೇನಿ. ನನ್ನ ತಂಗಿ ಕೈಯ ನೀರು ಬಿಟ್ಟಂಗ ಮಂದಿ ನಿಮ್ಮ ಮನಿ ನೀರೂ ಬಿಡಬೇಕು!

ಫೋನಿಗಿ ಕೈ ಹಾಕಿದ್ರಿ? ಮಾಡ್ರಿ, ಪೊಲೀಸರಿಗೇ ಮಾಡ್ರಿ! ... ಯಾಕ, ಇಟ್ರಿ?

ನಾ ಎಲ್ಲಿದ್ದೆ ಅಂತೀರೇನ್ರಿ? ನಾ ನಿಮ್ಮ ಗೋದಾಮಿನ ಕಾವಲಿಗಿ ಇದ್ದೆ, ಖರೇ. ಆದ್ರ ಅವತ್ತು ಸುಟಿ ಮ್ಯಾಲಿದ್ದೆ. ಸುಟಿ... ಇದ್ದೆ ನಾ.

ಏನರ ಅನ್ನರಿ. ಬೈರಿ ಒಂದು. ಹಿಂಗ ಸುಮ್ಮನ ಕುಂತು ನನ್ನ ಕೈ ಯಾಕ ನೋಡಾಕತ್ತೀರಿ? ಈ ಸುಟ್ಟ ಕಲಿ... ಇದು ಒಲ್ಯಾಗ ಸುಟ್ಟಿದ್ದು. ಒಲ್ಯಾಗರಿ...

ನೋಡಬ್ಯಾಡ್ರಿ ಸಾವ್ಕಾರ್ರ!

... ಹೌದು. ನಾನೇ. ನೀವು ಸುಡು ಅಂದ್ರಿ, ನಾ ಕಡ್ಡಿ ಗೀರಿದೆ. ಹಳದಿ ಹೊಗಿ ನೆಲಾ ಹಿಡದು ಇಜೇರಿ ಕಡಿ ಹೋಗೂದು ಈ ಕಣ್ಣಿಲೆ ನೋಡಿದೆ. ಕಂಪ್ಯೂಟರ ನನಗ ಹೊಸಾದು ಏನೂ ಹೇಳಲಿಲ್ಲ. ನನ್ನ ಹೆಸರು ಬಿಟ್ಟು ನಿಮ್ಮ ಹೆಸರಷ್ಟೇ ಹೇಳೂ ಸಾಕ್ಷಿ ಬೇಕಾಗಿತ್ತು ನನಗ. ಅದಕ್ಕ ಅಷ್ಟು ದೂರ ಪುಣೆತನಾ ಹೋದೆ.

ಕಾಶಿಬಾಯಿ ಸಾಯೂ ಮುಂದ ನನ್ನ ಕೈ ಹಿಡದು ಕೇಳಿದಳ್ರಿ. "ಅಣ್ಣಾ, ನೀ ಅರ ಹೇಳು, ಅವತ್ತು ಅಡಗ್ಯಾಗ ನಾ ಏನು ತಪ್ಪು ಹಾಕಿದ್ದೆ?"

ನಾ ಸುಮ್ಮನ ಕುಂತೆ.

ಹಿಂಗ... ಈಗ ನೀವು ಕುಂತೀರಲ್ಲ, ಹಿಂಗ.